ಮಿಲ್ಲಿಂಗ್ ಮೆಷಿನ್‌ನ ಸರ್ವೋ ಮೋಟಾರ್‌ಗಳನ್ನು ಕಡಿಮೆ ವೋಲ್ಟೇಜಿನಲ್ಲಿ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಮಿಲ್ಲಿಂಗ್ ಮೆಷಿನ್‌ಗೆ ಸಿಎನ್‌ಸಿ (ಕಂಪ್ಯೂಟರ್ ಮೂಲಕ ಮೆಷಿನ್ ನಡೆಸುವ ವ್ಯವಸ್ಥೆ) ಅಳವಡಿಸಲು ಹೊರಟವರ ಕೈಗೆ ಬರುವ ಡಿಸಿ ಸರ್ವೋ ಮೋಟಾರ್‌ಗಳು (ಟೇಬಲನ್ನು ಹೇಳಿದ ಜಾಗಕ್ಕೆ ಹೇಳಿದ ವೇಗದಲ್ಲಿ ಒಯ್ಯುವ ಮೋಟಾರ್‌ಗಳು) ಸಾಮಾನ್ಯವಾಗಿ ಬೇರೊಂದು ಮೆಷಿನ್‌ನಿಂದ ಬಿಚ್ಚಿದವು. ಅವುಗಳ ನೇಮ್ ಪ್ಲೇಟಿನ ಮೇಲೆ 140 ವೋಲ್ಟ್ ಎಂದಿರುತ್ತದೆ. ಕೈಗೆಟಕುವ ಬೆಲೆಯ ಡ್ರೈವ್, ಅಂದರೆ ಮೋಟಾರಿಗೆ ವಿದ್ಯುತ್ತನ್ನು ಅಳೆದು ಕೊಡುವ ಪೆಟ್ಟಿಗೆ, 80 ವೋಲ್ಟಿಗೇ ನಿಂತುಬಿಡುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಲೆಕ್ಕಗಳು ಒಂದಕ್ಕೊಂದು ಹೊಂದಿಕೊಂಡಿರಲಿ ಎಂದು ಉದ್ದಕ್ಕೂ ಒಂದೇ ಮಾದರಿ ಮೋಟಾರನ್ನು ಇಟ್ಟುಕೊಂಡಿದ್ದೇನೆ: 1000 ಆರ್‌ಪಿಎಂಗೆ 42 ವೋಲ್ಟ್ ಹುಟ್ಟಿಸುವ, ಆರ್ಮೇಚರ್ (ತಿರುಗುವ ಸುರುಳಿ) ರೆಸಿಸ್ಟೆನ್ಸ್ 1.2 ಓಮ್ ಇರುವ, ನಿರಂತರವಾಗಿ 8 ಆಂಪಿಯರ್ ಹಾಗೂ ಕ್ಷಣಕಾಲ 24 ಆಂಪಿಯರ್ ತಾಳಬಲ್ಲ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್. ಅದು ಟೇಬಲನ್ನು ಸರಿಸುವ 5 ಮಿಲಿಮೀಟರ್ ಪಿಚ್ಚಿನ ಬಾಲ್ ಸ್ಕ್ರೂವನ್ನು 2:1 ಬೆಲ್ಟ್ ರಿಡಕ್ಷನ್ ಮೂಲಕ ತಿರುಗಿಸುತ್ತದೆ ಎಂದುಕೊಳ್ಳಿ.

140 ವೋಲ್ಟಿನ ಮೋಟಾರನ್ನು 70 ವೋಲ್ಟಿನಲ್ಲಿ ಓಡಿಸಬಹುದೇ?

ಓಡಿಸಬಹುದು. ನೇಮ್ ಪ್ಲೇಟಿನ ವೋಲ್ಟೇಜ್ ಎಂದರೆ ಮೋಟಾರ್ ಕೆಲಸ ಮಾಡಲು ಬೇಕೇ ಬೇಕಾದ ವೋಲ್ಟೇಜ್ ಅಲ್ಲ; ಅಲ್ಲಿ ಬರೆದಿರುವ ಟಾರ್ಕನ್ನು (ತಿರುಗಿಸುವ ಬಲವನ್ನು) ಅಲ್ಲಿ ಬರೆದಿರುವ ವೇಗದಲ್ಲಿ ಪಡೆಯಲು ಬೇಕಾದ ವೋಲ್ಟೇಜ್. ಮಿಲ್ಲಿಂಗ್‌ನಲ್ಲಿ ಟೇಬಲ್ ದಿನದ ಬಹುಭಾಗ ನಿಧಾನವಾಗಿಯೇ ಚಲಿಸುತ್ತದೆ. ಹಾಗೆ ಚಲಿಸುವಾಗ 140 ವೋಲ್ಟಿನ ಡ್ರೈವ್ ಕೂಡ ಮೋಟಾರಿಗೆ ಕೊಡುವುದು ಸರಾಸರಿ ಹತ್ತಿಪ್ಪತ್ತು ವೋಲ್ಟುಗಳನ್ನು ಮಾತ್ರ.

ಲೋ ವೋಲ್ಟೇಜ್ ಬಂದರೆ ತೋಟದ ಪಂಪ್‌ಸೆಟ್ ಸುಟ್ಟುಹೋಗುತ್ತದೆ. ಸರ್ವೋ ಮೋಟಾರ್ ಏಕೆ ಸುಡುವುದಿಲ್ಲ?

ಹಳ್ಳಿಯಿಂದ ಬಂದ ನಮ್ಮ ಹುಡುಗರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಇದು, ಮತ್ತು ಅವರ ಅನುಭವ ಸುಳ್ಳಲ್ಲ. ಪಂಪ್‌ಸೆಟ್ಟಿನಲ್ಲಿರುವುದು ಇಂಡಕ್ಷನ್ ಮೋಟಾರ್. ಅದರ ಕಾಂತಕ್ಷೇತ್ರ ಹುಟ್ಟುವುದೇ ಲೈನಿನ ವೋಲ್ಟೇಜಿನಿಂದ. ಹೀಗಾಗಿ ಅದು ಕೊಡಬಲ್ಲ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಬಾವಿಯ ನೀರಿನ ಭಾರ ಮಾತ್ರ ಇಳಿಯುವುದಿಲ್ಲ. ಆಗ ಸ್ಲಿಪ್ (ತಿರುಗುವ ಕಾಂತಕ್ಷೇತ್ರಕ್ಕಿಂತ ರೋಟರ್ ಹಿಂದೆ ಬೀಳುವುದು) ಹೆಚ್ಚುತ್ತದೆ, ಕರೆಂಟ್ ಏರುತ್ತದೆ, ವೈಂಡಿಂಗ್ ಕಾದು ಕೊನೆಗೆ ಸುಡುತ್ತದೆ.

ಪರ್ಮನೆಂಟ್ ಮ್ಯಾಗ್ನೆಟ್ ಸರ್ವೋದಲ್ಲಿ ಕಾಂತಕ್ಷೇತ್ರವನ್ನು ಕೊಡುವುದು ಒಳಗೆ ಅಂಟಿಸಿದ ಮ್ಯಾಗ್ನೆಟ್. ಆರ್ಮೇಚರಿಗೆ 140 ವೋಲ್ಟ್ ಕೊಟ್ಟರೂ 70 ಕೊಟ್ಟರೂ ಅದು ಬದಲಾಗುವುದಿಲ್ಲ. ಜೊತೆಗೆ, ಕರೆಂಟ್ ಎಷ್ಟು ಹರಿಯಬೇಕೆಂದು ತೀರ್ಮಾನಿಸುವುದು ಡ್ರೈವ್. ಮಿತಿಯನ್ನು ಸರಿಯಾಗಿ ಇಟ್ಟಿದ್ದರೆ ಮೋಟಾರ್ ಅದಕ್ಕಿಂತ ಹೆಚ್ಚು ಎಳೆದುಕೊಳ್ಳಲಾರದು. ಕಾಯಿಲ್ ಸುತ್ತಿದ ಫೀಲ್ಡ್ ಇರುವ ಹಳೆಯ ಡಿಸಿ ಮೋಟಾರ್ ನಿಮ್ಮಲ್ಲಿದ್ದರೆ ಆರ್ಮೇಚರಿನ ವೋಲ್ಟೇಜನ್ನಷ್ಟೇ ಇಳಿಸಿ. ಫೀಲ್ಡ್ ವೋಲ್ಟೇಜನ್ನೂ ಇಳಿಸಿದರೆ ಪ್ರತಿ ಆಂಪಿಯರಿಗೆ ಸಿಗುವ ಟಾರ್ಕ್ ಕುಸಿದು ಪಂಪ್‌ಸೆಟ್ಟಿನ ಕಥೆಯೇ ಇಲ್ಲಿಯೂ ಆಗುತ್ತದೆ.

ವೋಲ್ಟೇಜ್ ಅರ್ಧವಾದರೆ ಮೋಟಾರಿನ ಬಲವೂ ಅರ್ಧವಾಗುವುದಿಲ್ಲವೇ?

ಇಲ್ಲ. ಟಾರ್ಕ್ ನಿಂತಿರುವುದು ಕರೆಂಟಿನ ಮೇಲೆ, ವೇಗ ನಿಂತಿರುವುದು ವೋಲ್ಟೇಜಿನ ಮೇಲೆ. ನಮ್ಮ ಮಾದರಿ ಮೋಟಾರ್ ಪ್ರತಿ ಆಂಪಿಯರಿಗೆ 0.4 ನ್ಯೂಟನ್ ಮೀಟರ್ ಕೊಡುತ್ತದೆ. 8 ಆಂಪಿಯರಿಗೆ 3.2 ನ್ಯೂಟನ್ ಮೀಟರ್. ಆ 8 ಆಂಪಿಯರನ್ನು ನಿಂತ ಮೋಟಾರಿನೊಳಗೆ ತಳ್ಳಲು 1.2 ಓಮಿನ ಲೆಕ್ಕದಲ್ಲಿ 9.6 ವೋಲ್ಟ್, ಬ್ರಷ್‌ಗಳ ಮೇಲೆ ಕಳೆಯುವ ಸುಮಾರು 2 ವೋಲ್ಟ್ ಸೇರಿಸಿದರೆ 12 ವೋಲ್ಟಿನ ಒಳಗೇ ಸಾಕು. 70 ವೋಲ್ಟಿನ ಸಪ್ಲೈ ಅದನ್ನು ಸಲೀಸಾಗಿ ಮಾಡುತ್ತದೆ. 2:1 ರಿಡಕ್ಷನ್ ದಾಟಿ, ಬಾಲ್ ಸ್ಕ್ರೂವಿನ ದಕ್ಷತೆ ಶೇಕಡಾ 90 ಎಂದು ಹಿಡಿದರೆ, ಟೇಬಲ್ಲಿನ ಮೇಲೆ ಬೀಳುವ ತಳ್ಳುಬಲ ಸುಮಾರು 7200 ನ್ಯೂಟನ್, ಅಂದರೆ ಏಳುನೂರು ಕಿಲೋಗ್ರಾಂಗೂ ಮೀರಿದ ಒತ್ತಡ. ವೈಸಿಗೂ ಕಾಲಮ್ಮಿಗೂ ನಡುವೆ ಕೈ ಸಿಕ್ಕರೆ ಏನಾದೀತು ಎಂಬುದನ್ನು ಈ ಅಂಕಿಯಿಂದಲೇ ಊಹಿಸಿಕೊಳ್ಳಿ. ಕಡಿಮೆ ವೋಲ್ಟೇಜಿನ ಮೆಷಿನ್ ಮೆದುವಾದ ಮೆಷಿನ್ ಎಂಬ ಭಾವನೆ ಯಾರಿಗೂ ಬೇಡ.

ಅರ್ಧವಾಗುವುದು ಪವರ್. 3.2 ನ್ಯೂಟನ್ ಮೀಟರನ್ನು ಪೂರ್ಣ ವೋಲ್ಟೇಜಿನಲ್ಲಿ ಸುಮಾರು 3050 ಆರ್‌ಪಿಎಂನಲ್ಲಿ ಕೊಡುತ್ತಿದ್ದ ಮೋಟಾರ್ ಹತ್ತಿರ ಹತ್ತಿರ 1000 ವ್ಯಾಟಿನದಾಗಿತ್ತು. ಈಗ ಅದು 470 ವ್ಯಾಟಿನ ಸುತ್ತಮುತ್ತಲಿನದು. ಕಳೆದುಹೋದ ಪವರನ್ನು ಕರೆಂಟಿನಿಂದ ತುಂಬಿಕೊಳ್ಳಲು ಹೋಗಬೇಡಿ. ಕರೆಂಟ್ ಎರಡು ಪಟ್ಟಾದರೆ ವೈಂಡಿಂಗಿನ ಬಿಸಿ ನಾಲ್ಕು ಪಟ್ಟಾಗುತ್ತದೆ.

ಹಾಗಾದರೆ ನಿಜವಾಗಿ ಎಷ್ಟು ವೇಗ ಸಿಗುತ್ತದೆ?

ಸಪ್ಲೈ ವೋಲ್ಟೇಜಿನಿಂದ ಬ್ರಷ್‌ಗಳ 2 ವೋಲ್ಟನ್ನೂ, ಕರೆಂಟನ್ನು ರೆಸಿಸ್ಟೆನ್ಸಿನಿಂದ ಗುಣಿಸಿದ ಮೊತ್ತವನ್ನೂ ಕಳೆಯಿರಿ. ಉಳಿದ ವೋಲ್ಟೇಜನ್ನು ಬ್ಯಾಕ್ ಇಎಂಎಫ್ (ತಿರುಗುವ ಮೋಟಾರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್) ತುಂಬುವವರೆಗೆ ಮೋಟಾರ್ ವೇಗ ಪಡೆಯುತ್ತದೆ. 70 ವೋಲ್ಟಿನಲ್ಲಿ ಖಾಲಿ ಓಡುವಾಗ ಸುಮಾರು 1600 ಆರ್‌ಪಿಎಂ. 8 ಆಂಪಿಯರ್ ಲೋಡಿನಲ್ಲಿ 58.4 ವೋಲ್ಟ್ ಉಳಿದು 1390 ಆರ್‌ಪಿಎಂ.

ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ, ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಟೇಬಲ್ ವೇಗ ಹೆಚ್ಚಿಸಿಕೊಳ್ಳುವಾಗ ಮೋಟಾರಿಗೆ ಬೇಕಾದದ್ದು 8 ಆಂಪಿಯರ್ ಅಲ್ಲ, 24 ಆಂಪಿಯರ್. ಆಗ ರೆಸಿಸ್ಟೆನ್ಸ್ ಒಂದೇ 28.8 ವೋಲ್ಟ್ ನುಂಗುತ್ತದೆ, ಉಳಿಯುವುದು 39.2 ವೋಲ್ಟ್. ಎಂದರೆ ಪೂರ್ಣ ಪೀಕ್ ಟಾರ್ಕ್ ಸಿಗುವುದು ಸುಮಾರು 930 ಆರ್‌ಪಿಎಂವರೆಗೆ ಮಾತ್ರ; 140 ವೋಲ್ಟಿನಲ್ಲಿ ಅದೇ ಟಾರ್ಕ್ 2600 ಆರ್‌ಪಿಎಂವರೆಗೂ ಸಿಗುತ್ತಿತ್ತು. ಮೋಟಾರ್ ಕಾದ ಮೇಲೆ ಇನ್ನಷ್ಟು ಇಳಿಯುತ್ತದೆ, ಏಕೆಂದರೆ ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.39ರಷ್ಟು ಏರುತ್ತದೆ, 25 ಡಿಗ್ರಿಯ ವೈಂಡಿಂಗ್ 100 ಡಿಗ್ರಿ ಮುಟ್ಟಿದಾಗ 1.2 ಓಮ್ ಇದ್ದದ್ದು 1.55 ಆಗಿರುತ್ತದೆ. ಪಿಡಬ್ಲ್ಯುಎಂ ಡ್ರೈವ್, ಅಂದರೆ ಸಪ್ಲೈಯನ್ನು ಬಹಳ ವೇಗವಾಗಿ ಆನ್ ಆಫ್ ಮಾಡಿ ಬೇಕಾದ ಸರಾಸರಿ ವೋಲ್ಟೇಜ್ ಕೊಡುವ ಡ್ರೈವ್, ತನ್ನ ಸಪ್ಲೈಯನ್ನು ನೂರಕ್ಕೆ ನೂರು ದಾಟಿಸುವುದೂ ಇಲ್ಲ. ಇದನ್ನೆಲ್ಲ ಗಮನದಲ್ಲಿಟ್ಟು ನಾನು ಈ ಮೋಟಾರಿಗೆ 1200 ಆರ್‌ಪಿಎಂ ಮಿತಿ ಇಡುತ್ತೇನೆ. ಅದು ಟೇಬಲ್ಲಿನಲ್ಲಿ ನಿಮಿಷಕ್ಕೆ 3000 ಮಿಲಿಮೀಟರ್ ಆಗುತ್ತದೆ.

ಮಿಲ್ಲಿಂಗ್‌ಗೆ ಆ ವೇಗ ಸಾಕೇ?

10 ಮಿಲಿಮೀಟರಿನ ನಾಲ್ಕು ಹಲ್ಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್ಲಿನಿಂದ ಮೈಲ್ಡ್ ಸ್ಟೀಲ್ ಕಡಿಯುತ್ತಿದ್ದೀರಿ ಎಂದುಕೊಳ್ಳಿ. ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ ಹಿಡಿದರೆ ಸ್ಪಿಂಡಲ್ ಸುಮಾರು 800 ಆರ್‌ಪಿಎಂ, ಹಲ್ಲಿಗೆ 0.05 ಮಿಲಿಮೀಟರಿನಂತೆ ಫೀಡ್ ನಿಮಿಷಕ್ಕೆ 160 ಮಿಲಿಮೀಟರ್. ಇಷ್ಟಕ್ಕೆ ಬಾಲ್ ಸ್ಕ್ರೂ ನಿಮಿಷಕ್ಕೆ 32 ಸುತ್ತು, ಮೋಟಾರ್ 64 ಸುತ್ತು ತಿರುಗಿದರೆ ಆಯಿತು. ಕಾರ್ಬೈಡ್ ಕಟರ್ ಹಾಕಿ 6000 ಆರ್‌ಪಿಎಂನಲ್ಲಿ ಅಲ್ಯೂಮಿನಿಯಂ ಕಡಿದರೂ ಫೀಡ್ 1000 ಮಿಲಿಮೀಟರ್ ದಾಟಿ ಬಹಳ ದೂರ ಹೋಗುವುದಿಲ್ಲ. ಹಳೆಯ ಎಚ್‌ಎಂಟಿ ಎಫ್‌ಎನ್2ನಂಥ ಮೆಷಿನ್‌ನ ಸ್ಪಿಂಡಲ್ ಆ ಆರ್‌ಪಿಎಂ ಮುಟ್ಟುವುದೂ ಇಲ್ಲ. ವೋಲ್ಟೇಜ್ ಇಳಿಸಿದ್ದರ ಬೆಲೆಯನ್ನು ನಾವು ತೆರುವುದು ರ್‍ಯಾಪಿಡ್ ಚಲನೆಯಲ್ಲಿ, ಅಂದರೆ ಕಡಿಯದೆ ಒಂದು ಜಾಗದಿಂದ ಇನ್ನೊಂದಕ್ಕೆ ವೇಗವಾಗಿ ಸಾಗುವಾಗ ಮಾತ್ರ. ಬಿಡಿ ಜಾಬ್ ಮಾಡುವ ಶೆಡ್ಡಿಗೆ ಅದು ಭಾರವಲ್ಲ. ಒಂದೇ ಪಾರ್ಟನ್ನು ದಿನವಿಡೀ ಸಾವಿರಗಟ್ಟಲೆ ತೆಗೆಯುವ ಕಡೆ ಪ್ರತಿ ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ.

ನೇಮ್ ಪ್ಲೇಟ್ ಅಳಿಸಿಹೋಗಿದೆ. ಮೋಟಾರಿನ ಅಂಕಿಗಳನ್ನು ಹೇಗೆ ತಿಳಿಯುವುದು?

ಮೋಟಾರನ್ನೇ ಜನರೇಟರ್ ಮಾಡಿಕೊಳ್ಳಿ. ಮೋಟಾರಿನ ಶಾಫ್ಟನ್ನು ಲೇತಿನ ಚಕ್‌ನಲ್ಲಿ ಹಿಡಿದು, ಬಾಡಿ ತಿರುಗದಂತೆ ಒಂದು ಪಟ್ಟಿಯನ್ನು ಫ್ಲೇಂಜಿಗೆ ಬೋಲ್ಟ್ ಮಾಡಿ ಕ್ಯಾರೇಜಿಗೆ ಆನಿಸಿ, ಆರ್ಮೇಚರಿನ ಎರಡು ವೈರುಗಳನ್ನು ಬೇರೆಲ್ಲಿಯೂ ಸೇರಿಸದೆ ಡಿಸಿ ವೋಲ್ಟ್‌ಮೀಟರಿಗೆ ಕೊಡಿ. ಲೇತ್ 500 ಆರ್‌ಪಿಎಂನಲ್ಲಿ ತಿರುಗುವಾಗ ಮೀಟರ್ 21 ವೋಲ್ಟ್ ತೋರಿಸಿದರೆ ನಿಮ್ಮದು 1000ಕ್ಕೆ 42 ವೋಲ್ಟಿನ ಮೋಟಾರ್. ಲೇತಿನ ಪ್ಲೇಟಿನಲ್ಲಿರುವ ಆರ್‌ಪಿಎಂ ನಂಬುವ ಬದಲು ಟ್ಯಾಕೊಮೀಟರ್ ಹಿಡಿದು ನೋಡುವುದು ಒಳ್ಳೆಯದು. ಇದೊಂದೇ ಅಂಕಿಯಿಂದ ವೇಗವೂ ಟಾರ್ಕೂ ಸಿಗುತ್ತವೆ: 1000 ಆರ್‌ಪಿಎಂನ ವೋಲ್ಟೇಜನ್ನು 104.7ರಿಂದ ಭಾಗಿಸಿದರೆ ಬರುವುದೇ ಪ್ರತಿ ಆಂಪಿಯರಿಗೆ ಸಿಗುವ ನ್ಯೂಟನ್ ಮೀಟರ್.

ರೆಸಿಸ್ಟೆನ್ಸ್ ಅಳೆಯಲು ಮಲ್ಟಿಮೀಟರಿನ ಓಮ್ ಸ್ಕೇಲ್ ಸಾಲದು. ಬ್ರಷ್ ಮತ್ತು ಕಮ್ಯುಟೇಟರ್ ನಡುವಿನ ತೆಳು ಪದರ ಆ ಸಣ್ಣ ಕರೆಂಟಿಗೆ ಒಮ್ಮೆ 2 ಓಮ್ ತೋರಿಸಿದರೆ, ಶಾಫ್ಟನ್ನು ಬೆರಳಗಲ ತಿರುಗಿಸಿದಾಗ 5 ತೋರಿಸುತ್ತದೆ. ಶಾಫ್ಟನ್ನು ಬಿಗಿಯಾಗಿ ಹಿಡಿದು, ಬೆಂಚ್ ಸಪ್ಲೈಯಿಂದ ಮೂರು ನಾಲ್ಕು ಆಂಪಿಯರ್ ಹಾಯಿಸಿ, ನಾಲ್ಕೈದು ಕೋನಗಳಲ್ಲಿ ವೋಲ್ಟೇಜ್ ಓದಿ ಸರಾಸರಿ ತೆಗೆಯಿರಿ. ಬ್ರಷ್‌ಗಳ ಪಾಲಿನ 2 ವೋಲ್ಟನ್ನು ಮೊದಲು ಕಳೆದುಕೊಳ್ಳಲು ಮರೆಯಬೇಡಿ.

ಕಟಿಂಗ್ ಚೆನ್ನಾಗಿದೆ, ಆದರೆ ರ್‍ಯಾಪಿಡ್‌ನಲ್ಲಿ ಫಾಲೋಯಿಂಗ್ ಎರರ್ (ಟೇಬಲ್ ಇರಬೇಕಾದ ಜಾಗಕ್ಕಿಂತ ಹಿಂದೆ ಉಳಿದಿದೆ ಎಂಬ ದೋಷ) ಬಂದು ಮೆಷಿನ್ ನಿಲ್ಲುತ್ತದೆ. ಏಕೆ?

ಪೀಣ್ಯದ ಒಂದು ಶೆಡ್ಡಿನಲ್ಲಿ ನಾನು ಎರಡು ದಿನ ಇದೇ ದೋಷದ ಬೆನ್ನು ಹತ್ತಿದ್ದೆ. ಎಕ್ಸ್ ಮಾತ್ರ ಚಲಿಸಿದರೆ ಏನೂ ಆಗುತ್ತಿರಲಿಲ್ಲ. ಎಕ್ಸ್ ಮತ್ತು ವೈ ಒಟ್ಟಿಗೆ ನಿಮಿಷಕ್ಕೆ 3000 ಮಿಲಿಮೀಟರಿಗೆ ಏರಿದಾಗ, ವೇಗ ಮುಟ್ಟುವ ಹೊತ್ತಿಗೆ ಸರಿಯಾಗಿ ಎರರ್ ಬರುತ್ತಿತ್ತು. ಮೊದಲ ದಿನವಿಡೀ ಟ್ಯೂನಿಂಗ್ (ದೋಷಕ್ಕೆ ಎಷ್ಟು ಬಿರುಸಾಗಿ ಸ್ಪಂದಿಸಬೇಕೆಂಬ ಹೊಂದಾಣಿಕೆ) ಬದಲಿಸುತ್ತ ಕುಳಿತೆ, ಮೋಟಾರ್ ಎಷ್ಟು ತಿರುಗಿತೆಂದು ತಿಳಿಸುವ ಎನ್‌ಕೋಡರ್‌ನ ಕೇಬಲ್ ಬದಲಿಸಿದೆ, ಸ್ಲೈಡಿನ ಬಿಗಿ ಹೊಂದಿಸುವ ಗಿಬ್ ಸಡಿಲಿಸಿದೆ. ಮರುದಿನ ಮಲ್ಟಿಮೀಟರಿನ ಪ್ರೋಬ್‌ಗಳನ್ನು ಮೊಸಳೆ ಕ್ಲಿಪ್ಪಿನಿಂದ ಕೆಪಾಸಿಟರಿನ ಟರ್ಮಿನಲ್‌ಗಳಿಗೆ ಕಚ್ಚಿಸಿ, ಮೀಟರನ್ನು ಪ್ಯಾನೆಲ್ ಬಾಗಿಲಿಗೆ ತೂಗುಹಾಕಿ ನೋಡಿದೆ. ಸುಮ್ಮನಿದ್ದಾಗ 69 ವೋಲ್ಟ್ ಇದ್ದದ್ದು ಎರಡು ಆಕ್ಸಿಸ್ ಹೊರಟ ತಕ್ಷಣ 57ಕ್ಕೆ ಬೀಳುತ್ತಿತ್ತು. ಮೀಟರ್ ತೋರಿಸುವುದು ಸರಾಸರಿ ಮಾತ್ರ. ನಿಜವಾದ ತಗ್ಗು ಅದಕ್ಕಿಂತ ಆಳವಾಗಿರುತ್ತದೆ.

ಲೆಕ್ಕ ಹಾಕಿದಾಗ ಎಲ್ಲ ತಿಳಿಯಾಯಿತು. 1200 ಆರ್‌ಪಿಎಂನಲ್ಲಿ ಬ್ಯಾಕ್ ಇಎಂಎಫ್ 50.4 ವೋಲ್ಟ್. 57ರಲ್ಲಿ ಅದನ್ನೂ ಬ್ರಷ್‌ಗಳ 2 ವೋಲ್ಟನ್ನೂ ಕಳೆದರೆ ಉಳಿಯುವುದು 4.6 ವೋಲ್ಟ್, ಅದು ತಳ್ಳಬಲ್ಲದ್ದು 4 ಆಂಪಿಯರ್ ಕೂಡ ಅಲ್ಲ. ವೇಗ ಹೆಚ್ಚಿಸಲು ಮೋಟಾರಿಗೆ ಏನೂ ಉಳಿದಿರಲಿಲ್ಲ. ಪ್ಯಾನೆಲ್ ಜೋಡಿಸಿದವರು ಹಾಕಿದ್ದ ಕೆಪಾಸಿಟರ್ 2200 ಮೈಕ್ರೊಫ್ಯಾರಡ್ ಮಾತ್ರ. ಅದನ್ನು ತೆಗೆದು 10,000 ಮೈಕ್ರೊಫ್ಯಾರಡಿನ ಎರಡನ್ನು ಪ್ಯಾರಲಲ್ ಹಾಕಿದ ಮೇಲೆ ಮೀಟರ್ 64ರ ಕೆಳಗೆ ಇಳಿಯಲಿಲ್ಲ. ಆಕ್ಸಿಲರೇಷನ್ ಸ್ವಲ್ಪ ತಗ್ಗಿಸಿದೆ, ಎರರ್ ನಿಂತಿತು. ಇದ್ದ ವೋಲ್ಟೇಜೇ ಕಡಿಮೆಯಾದಾಗ ಅದರಲ್ಲಿ ಬೀಳುವ ಒಂದೊಂದು ವೋಲ್ಟಿಗೂ ಬೆಲೆ ಹೆಚ್ಚು ಎಂಬುದನ್ನು ನಾನು ಕಲಿತದ್ದು ಆ ಮೀಟರಿನಿಂದ. ಟ್ಯೂನಿಂಗ್ ಮುಟ್ಟುವ ಮೊದಲು ಸಪ್ಲೈ ಅಳೆಯಿರಿ.

ಟ್ಯೂನಿಂಗ್ ಬದಲಿಸಬೇಕಾಗುತ್ತದೆಯೇ?

ಅದು ಡ್ರೈವಿನ ಬಗೆಯ ಮೇಲೆ ಹೋಗುತ್ತದೆ. ಒಳಗೆ ಕರೆಂಟ್ ಲೂಪ್ ಇರುವ, ಅಂದರೆ ಕರೆಂಟನ್ನು ತಾನೇ ಅಳೆದು ಸರಿಪಡಿಸಿಕೊಳ್ಳುವ ಡ್ರೈವ್ ಆದರೆ, ವೋಲ್ಟೇಜ್ ಮಿತಿ ಮುಟ್ಟದಿರುವವರೆಗೆ, ಹೊರಗಿನ ಲೂಪಿಗೆ ಹೆಚ್ಚಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಿಡಬ್ಲ್ಯುಎಂ ಡ್ಯೂಟಿಯನ್ನಷ್ಟೇ ಬದಲಿಸುವ ಸರಳ ಡ್ರೈವ್ ಆದರೆ, ಸಪ್ಲೈ ಅರ್ಧವಾದಾಗ ಲೂಪಿನ ಗೇನ್ (ದೋಷಕ್ಕೆ ಸ್ಪಂದಿಸುವ ಪ್ರಮಾಣ) ಕೂಡ ಅರ್ಧವಾಗುತ್ತದೆ. ಪ್ರೊಪೋರ್ಷನಲ್ ಗೇನನ್ನು ಹೆಚ್ಚು ಕಡಿಮೆ ಎರಡು ಪಟ್ಟು ಏರಿಸಿದಾಗಲೇ ಮೊದಲಿನ ಬಿಗಿ ಬರುತ್ತದೆ. ಲಿನಕ್ಸ್‌ಸಿಎನ್‌ಸಿ ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಬಳಸುವವರು ಮ್ಯಾಕ್ಸ್ ವೆಲಾಸಿಟಿ ಮತ್ತು ಮ್ಯಾಕ್ಸ್ ಆಕ್ಸಿಲರೇಷನ್‌ಗಳನ್ನು ಮೇಲಿನ ಲೆಕ್ಕದಂತೆ ಮೊದಲು ಇಳಿಸಿ, ನಂತರ ಗೇನ್‌ಗಳಿಗೆ ಕೈ ಹಾಕಬೇಕು. ಫಾಲೋಯಿಂಗ್ ಎರರಿನ ಮಿತಿಯನ್ನು ಸಡಿಲಿಸಿ ದೋಷವನ್ನು ಮುಚ್ಚಿಡುವವರನ್ನು ಕಂಡಿದ್ದೇನೆ. ಮೆಷಿನ್ ನಿಲ್ಲುವುದಿಲ್ಲ, ನಿಜ. ಜಾಬ್ ಮಾತ್ರ ಹಾಳಾಗುತ್ತದೆ.

ಟ್ಯಾಕೊ (ವೇಗ ಅಳೆಯುವ ಸಣ್ಣ ಜನರೇಟರ್) ಇರುವ ಹಳೆಯ ಅನಲಾಗ್ ಡ್ರೈವ್‌ನಲ್ಲಿ ಏನು ಗಮನಿಸಬೇಕು?

10 ವೋಲ್ಟ್ ಕಮಾಂಡಿಗೆ 3000 ಆರ್‌ಪಿಎಂ ಎಂದು ಇಟ್ಟಿದ್ದ ಸ್ಕೇಲನ್ನು 10 ವೋಲ್ಟಿಗೆ 1200 ಆರ್‌ಪಿಎಂ ಎಂದು ಮರುಹೊಂದಿಸಿ. ಇಲ್ಲದಿದ್ದರೆ ಕಂಟ್ರೋಲರ್ ಎಂದಿಗೂ ಸಿಗದ ವೇಗವನ್ನು ಕೇಳುತ್ತ ಹೋಗುತ್ತದೆ, ಉಳಿದ ದೋಷವನ್ನು ಕೂಡಿಸುತ್ತ ಹೋಗುವ ಡ್ರೈವಿನ ಇಂಟಿಗ್ರೇಟರ್ ತುಂಬಿಕೊಳ್ಳುತ್ತದೆ, ಟೇಬಲ್ ನಿಲ್ಲಬೇಕಾದ ಜಾಗ ದಾಟಿ ವಾಪಸು ಬರುತ್ತದೆ.

ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟಿನದು ಇರಬೇಕು?

ಡ್ರೈವಿನ ಮಿತಿ 80 ವೋಲ್ಟ್ ಇದ್ದರೆ 50 ವೋಲ್ಟ್ ಸೆಕೆಂಡರಿ ಸರಿಹೋಗುತ್ತದೆ ಎಂದು ಮೇಲ್ನೋಟಕ್ಕೆ ಕಾಣುತ್ತದೆ, ಏಕೆಂದರೆ 50ನ್ನು 1.414ರಿಂದ ಗುಣಿಸಿ ಡಯೋಡ್‌ಗಳ ನಷ್ಟ ಕಳೆದರೆ ಬರುವುದು 69. ಆದರೆ ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಶೇಕಡಾ 5ರಷ್ಟು ಏರಬಹುದು, ರಾತ್ರಿ ಪಾಳಿಯಲ್ಲಿ ಸುತ್ತಲಿನ ಶೆಡ್‌ಗಳೆಲ್ಲ ಮುಚ್ಚಿದಾಗ ಲೈನ್ ಶೇಕಡಾ 10ರಷ್ಟು ಏರಬಹುದು. ಎರಡೂ ಸೇರಿದರೆ ಅದೇ ಸೆಕೆಂಡರಿ 80 ದಾಟುತ್ತದೆ, ಡ್ರೈವ್ ಹೋಗುತ್ತದೆ. 48 ವೋಲ್ಟಿನ ಸೆಕೆಂಡರಿಯಲ್ಲಿ ಅದೇ ಪರಿಸ್ಥಿತಿ 77ರಲ್ಲಿ ನಿಲ್ಲುತ್ತದೆ. ನಾನು 48ನ್ನೇ ಸುತ್ತಿಸುತ್ತೇನೆ. ಇಂಥ ಮೂರು ಮೋಟಾರ್‌ಗಳ ಮಿಲ್ಲಿಂಗ್ ಮೆಷಿನ್‌ಗೆ 1 ಕೆವಿಎ ಸಾಕು. ನಿಧಾನ ವೇಗದಲ್ಲಿ ಮೋಟಾರಿನೊಳಗೆ 8 ಆಂಪಿಯರ್ ಹರಿದರೂ ಪಿಡಬ್ಲ್ಯುಎಂ ಡ್ರೈವ್ ಸಪ್ಲೈಯಿಂದ ಎಳೆಯುವುದು ಎರಡು ಮೂರು ಆಂಪಿಯರ್ ಮಾತ್ರ.

ಡಿಮ್ಮರ್‌ಸ್ಟಾಟ್ (ಗುಂಡಿ ತಿರುಗಿಸಿ ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್) ಇದೆಯಲ್ಲ, ಅದನ್ನೇ ತಿರುಗಿಸಿ 48ಕ್ಕೆ ಇಟ್ಟುಕೊಂಡರೆ ಆಗದೇ ಎಂದು ಕೇಳುವವರಿಗೆ: ದಯವಿಟ್ಟು ಬೇಡ. ಡಿಮ್ಮರ್‌ಸ್ಟಾಟ್‌ನಲ್ಲಿ ಒಂದೇ ವೈಂಡಿಂಗ್ ಇರುತ್ತದೆ, ಲೈನಿನಿಂದ ಬೇರ್ಪಡೆ ಇರುವುದಿಲ್ಲ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದ ಪ್ಲಗ್ ಒಂದಿದ್ದರೆ ಸಾಕು, ನಿಮ್ಮ 48 ವೋಲ್ಟಿನ ಎರಡೂ ತುದಿಗಳು ಭೂಮಿಗೆ ಹೋಲಿಸಿದಾಗ 200 ವೋಲ್ಟಿನ ಆಸುಪಾಸಿನಲ್ಲಿರುತ್ತವೆ. ಇದರಿಂದ ಮನುಷ್ಯರು ಸಾಯುತ್ತಾರೆ.

ಕೆಪಾಸಿಟರಿಗೆ ಅಡ್ಡಲಾಗಿ ಬ್ಲೀಡರ್ ರೆಸಿಸ್ಟರ್ ಇರಲಿ. 10,000 ಮೈಕ್ರೊಫ್ಯಾರಡಿಗೆ 2.2 ಕಿಲೋ ಓಮ್, 10 ವ್ಯಾಟಿನದು ಹಾಕಿದರೆ ಎರಡು ನಿಮಿಷದಲ್ಲಿ ಕೆಪಾಸಿಟರ್ ಖಾಲಿಯಾಗುತ್ತದೆ. ಎರಡು ಕೆಪಾಸಿಟರ್ ಇದ್ದರೆ ನಾಲ್ಕು ನಿಮಿಷ ಕಾಯಿರಿ, ಅಥವಾ ಒಂದೊಂದಕ್ಕೂ ಒಂದೊಂದು ರೆಸಿಸ್ಟರ್ ಹಾಕಿ.

ವೇಗವಾಗಿ ನಿಲ್ಲಿಸಿದಾಗ ಡ್ರೈವ್ ಓವರ್‌ವೋಲ್ಟೇಜ್ ಎನ್ನುತ್ತದೆ. ಕಡಿಮೆ ವೋಲ್ಟೇಜಿನಲ್ಲಿಯೂ ಇದು ಹೇಗೆ ಸಾಧ್ಯ?

ನಿಲ್ಲುವ ಮೋಟಾರ್ ಜನರೇಟರ್ ಆಗಿ ತನ್ನ ಶಕ್ತಿಯನ್ನು ಕೆಪಾಸಿಟರಿಗೆ ವಾಪಸು ಸುರಿಯುತ್ತದೆ, ರೆಕ್ಟಿಫೈಯರ್ ಅದನ್ನು ಲೈನಿಗೆ ಹೋಗಲು ಬಿಡುವುದಿಲ್ಲ. ರೋಟರಿನ ಇನರ್ಷಿಯಾ 0.002 ಕಿಲೋಗ್ರಾಂ ಚದರ ಮೀಟರ್ ಎಂದಿಟ್ಟುಕೊಂಡರೆ, 1390 ಆರ್‌ಪಿಎಂನಲ್ಲಿ ಅದರೊಳಗೆ 21 ಜೂಲ್ ಇರುತ್ತದೆ. 10,000 ಮೈಕ್ರೊಫ್ಯಾರಡಿನ ಕೆಪಾಸಿಟರ್ 70ರಿಂದ 80ಕ್ಕೆ ಏರುವಾಗ ನುಂಗಬಲ್ಲದ್ದು 7.5 ಜೂಲ್ ಮಾತ್ರ. ವೈಂಡಿಂಗಿನಲ್ಲೂ ಘರ್ಷಣೆಯಲ್ಲೂ ಒಂದಿಷ್ಟು ಕಳೆಯುತ್ತದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. 75 ವೋಲ್ಟಿನ ಸುಮಾರಿಗೆ ಎಚ್ಚರಗೊಂಡು ಹೆಚ್ಚುವರಿಯನ್ನು ರೆಸಿಸ್ಟರಿನಲ್ಲಿ ಉರಿಸುವ ಬ್ರೇಕಿಂಗ್ ಸರ್ಕ್ಯೂಟ್ ಹಾಕಿ. ಲೈನ್ ಏರಿದಾಗ ಅದು ಸುಮ್ಮನೆ ಉರಿಯುತ್ತಿರದಂತೆ ಮಿತಿಯನ್ನು ಸ್ಥಳದಲ್ಲೇ ಅಳೆದು ಹೊಂದಿಸಿ. ಮೇಲೆ ಕೆಳಗೆ ಹೋಗುವ ಭಾರದ ಆಕ್ಸಿಸ್ ಇಳಿಯುವಾಗಲೂ ಇದೇ ಆಗುತ್ತದೆ. ಕಡಿಮೆ ವೇಗದ ಲಾಭ ಇಲ್ಲಿಯೂ ಇದೆ: ಪೂರ್ಣ ವೇಗದಲ್ಲಿ ಅದೇ ರೋಟರ್ 100 ಜೂಲ್ ಹೊತ್ತಿರುತ್ತಿತ್ತು.

ಎನ್‌ಕೋಡರ್ ಮತ್ತು ಬ್ರೇಕಿನ ವೋಲ್ಟೇಜನ್ನೂ ಇಳಿಸಬೇಕೇ?

ಖಂಡಿತ ಇಳಿಸಬಾರದು. ಎನ್‌ಕೋಡರಿಗೆ ಅದರ 5 ವೋಲ್ಟ್, ಹೋಲ್ಡಿಂಗ್ ಬ್ರೇಕಿಗೆ ಅದರ ಮೇಲೆ ಬರೆದಷ್ಟು ವೋಲ್ಟೇಜ್ ಸಿಗಲೇಬೇಕು. 24 ವೋಲ್ಟಿನ ಬ್ರೇಕಿಗೆ 16 ಕೊಟ್ಟರೆ ಅದು ಪೂರ್ತಿ ಬಿಡದೆ ಉಜ್ಜುತ್ತ ಮೋಟಾರನ್ನು ಕಾಯಿಸುತ್ತದೆ, ನಾವು ದೋಷವನ್ನು ಡ್ರೈವಿನಲ್ಲಿ ಹುಡುಕುತ್ತೇವೆ.

ಎಸಿ ಸರ್ವೋಗಳಿಗೂ ಇದು ಅನ್ವಯಿಸುತ್ತದೆಯೇ?

ಮೋಟಾರಿನ ಮಟ್ಟಿಗೆ ಅನ್ವಯಿಸುತ್ತದೆ, ಏಕೆಂದರೆ ಅದರಲ್ಲಿಯೂ ಮ್ಯಾಗ್ನೆಟ್ ಇದೆ. 400 ವೋಲ್ಟ್ ವರ್ಗದ ಮೋಟಾರನ್ನು 200 ವೋಲ್ಟ್ ವರ್ಗದ ಡ್ರೈವಿನಿಂದ ಸುಮಾರು ಅರ್ಧ ವೇಗದಲ್ಲಿ ಓಡಿಸಬಹುದು; ಡ್ರೈವಿಗೆ ಆ ಕರೆಂಟ್ ಕೊಡುವ ಶಕ್ತಿ ಇರಬೇಕು, ಆ ಎನ್‌ಕೋಡರಿನ ಭಾಷೆ ಅದಕ್ಕೆ ತಿಳಿಯಬೇಕು. ಡ್ರೈವಿನ ಮಟ್ಟಿಗೆ ಅನ್ವಯಿಸುವುದಿಲ್ಲ. 400 ವೋಲ್ಟ್ ವರ್ಗದ ಡ್ರೈವಿಗೆ ಮನೆಯ 230 ವೋಲ್ಟ್ ಕೊಟ್ಟರೆ ಅಂಡರ್‌ವೋಲ್ಟೇಜ್ ಅಲಾರ್ಮ್ ಕೊಟ್ಟು ನಿಲ್ಲುತ್ತದೆ.

ಸ್ಪಿಂಡಲ್ ಮೋಟಾರಿಗೂ ಹೀಗೆ ಮಾಡಬಹುದೇ?

ಬೇಡ. ಸ್ಪಿಂಡಲ್ಲಿಗೆ ಬೇಕಾದದ್ದು ವೇಗದಲ್ಲಿ ಪವರ್, ವೋಲ್ಟೇಜ್ ಇಳಿಸಿದಾಗ ಕಳೆದುಹೋಗುವುದೂ ಅದೇ.

ಕಳೆದ ವೇಗವನ್ನು ಬೇರೆ ದಾರಿಯಲ್ಲಿ ವಾಪಸು ಪಡೆಯಬಹುದೇ?

ಪುಲ್ಲಿ ಬದಲಿಸಿ. 2:1 ಬದಲು 1:1 ಹಾಕಿದರೆ 1200 ಆರ್‌ಪಿಎಂ ಮಿತಿಯಲ್ಲೇ ನಿಮಿಷಕ್ಕೆ 6000 ಮಿಲಿಮೀಟರ್ ಸಿಗುತ್ತದೆ, ತಳ್ಳುಬಲ 3600 ನ್ಯೂಟನ್ನಿಗೆ ಇಳಿಯುತ್ತದೆ. ಸಣ್ಣ ಕಟರ್‌ಗಳಿಂದ ಅಲ್ಯೂಮಿನಿಯಂ ಕಡಿಯುವವರಿಗೆ ಇದು ಒಳ್ಳೆಯ ಹೊಂದಾಣಿಕೆ. ಭಾರವಾದ ಟೇಬಲ್ ಮೇಲೆ ಸ್ಟೀಲ್ ಕಡಿಯುವವರು ರಿಡಕ್ಷನ್ ಉಳಿಸಿಕೊಳ್ಳಲಿ, ಏಕೆಂದರೆ 1:1ರಲ್ಲಿ ಟೇಬಲ್ಲಿನ ಇನರ್ಷಿಯಾ ಮೋಟಾರಿಗೆ ನಾಲ್ಕು ಪಟ್ಟಾಗಿ ಕಾಣುತ್ತದೆ, ಟ್ಯೂನಿಂಗ್ ಕಷ್ಟವಾಗುತ್ತದೆ.

ಯಾವಾಗ ಪೂರ್ಣ ವೋಲ್ಟೇಜಿಗೇ ಹೋಗಬೇಕು?

ಸಾವಿರಾರು ಸಣ್ಣ ಸಣ್ಣ ರೇಖೆಗಳಿರುವ ಮೌಲ್ಡ್ ಕೆಲಸವನ್ನು ಹೆಚ್ಚು ಫೀಡಿನಲ್ಲಿ ಮಾಡುವವರು ಮತ್ತು ರ್‍ಯಾಪಿಡ್‌ನ ಸಮಯವೇ ಜಾಬಿನ ದರ ನಿರ್ಧರಿಸುವ ಕಡೆಯವರು 140 ವೋಲ್ಟ್ ತಾಳುವ ಡ್ರೈವಿಗೆ ಹಣ ಹಾಕಬೇಕು. ರೆಸಿಸ್ಟೆನ್ಸ್ ಹೆಚ್ಚಿರುವ ಸಣ್ಣ ಮೋಟಾರ್‌ಗಳೂ ಇದೇ ಗುಂಪಿಗೆ ಸೇರುತ್ತವೆ: 6 ಓಮಿನ ಮೋಟಾರಿಗೆ 8 ಆಂಪಿಯರ್ ತಳ್ಳಲು 48 ವೋಲ್ಟ್ ಬೇಕು, ತಿರುಗಲು ಉಳಿಯುವುದು 20. ಉಳಿದವರು ಒಮ್ಮೆ ತಮ್ಮ ಮಾಮೂಲಿ ಪ್ರೋಗ್ರಾಂ ಒಂದನ್ನು ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು, ರ್‍ಯಾಪಿಡ್‌ನಲ್ಲಿ ಎಷ್ಟು ಸೆಕೆಂಡ್ ಹೋಗುತ್ತದೆ, ಕಟಿಂಗ್‌ನಲ್ಲಿ ಎಷ್ಟು ಹೋಗುತ್ತದೆ ಎಂದು ಬರೆದುಕೊಳ್ಳಲಿ. 40 ನಿಮಿಷದ ಜಾಬಿನಲ್ಲಿ ರ್‍ಯಾಪಿಡ್ ಒಂದೂವರೆ ನಿಮಿಷವಿದ್ದರೆ, ವೋಲ್ಟೇಜ್ ಎರಡು ಪಟ್ಟು ಮಾಡಿ ಉಳಿಸುವುದು ಮುಕ್ಕಾಲು ನಿಮಿಷ ಮಾತ್ರ.